ಫೋಟೊ ಇರುವಾಗ ಚಿತ್ರ ಯಾಕೆ?

ಪ್ರಿಯ ಓದುಗರೇ,

ಕಾಡಿನ ಸಸ್ತನಿಗಳ ಬಗ್ಗೆ ದುಬಾರಿ ಪುಸ್ತಕವೊಂದನ್ನು ತರಿಸಿಕೊಂಡಿರಿ. ಬಿಡಿಸಿ ನೋಡಿದರೆ ಒಂದೂ ಫೋಟೊ ಇಲ್ಲ, ಎಲ್ಲ ಕೈಯಲ್ಲಿ ಬರೆದ ಚಿತ್ರಗಳು. 'ಎಲ್ಲರ ಹತ್ತಿರ ಕ್ಯಾಮೆರಾ ಇರುವ ಕಾಲದಲ್ಲಿ ಇದು ಮೋಸ ಅಲ್ವಾ? ವಾಪಸ್ ಕಳಿಸಲೇ?' ಎಂದು ಕೇಳಿದ್ದೀರಿ. ಮೋಸ ಖಂಡಿತ ಅಲ್ಲ. ಪ್ರಾಣಿಯ ಗುರುತು ಹಿಡಿಯಲು ಒಳ್ಳೆಯ ಚಿತ್ರವೇ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಫೋಟೊದಲ್ಲಿ ಇರುವುದು ಒಂದು ಪ್ರಾಣಿ, ಅದೂ ಆ ಕ್ಷಣದ್ದು. ಸಂಜೆ ಬಿಸಿಲಿಗೆ ಬೂದು ಮೈಯೂ ಕೆಂಪಗೆ ಕಾಣುತ್ತದೆ. ಬಾಲ ಹುಲ್ಲಿನ ಹಿಂದೆ, ಕಾಲು ನೆರಳಿನಲ್ಲಿ. ಚಿತ್ರಕಾರರು ಹತ್ತಾರು ಫೋಟೊ, ಮ್ಯೂಸಿಯಂನಲ್ಲಿಟ್ಟ ಚರ್ಮ, ತಲೆಬುರುಡೆ ಎಲ್ಲ ನೋಡಿ, ಆ ಜಾತಿ ಸಾಮಾನ್ಯವಾಗಿ ಹೇಗಿರುತ್ತದೋ ಹಾಗೆ ಬರೆಯುತ್ತಾರೆ. ನಾಲ್ಕು ಬಗೆಯ ಮುಂಗುಸಿಗಳನ್ನು ಒಂದೇ ಪುಟದಲ್ಲಿ, ಒಂದೇ ಭಂಗಿಯಲ್ಲಿ ನಿಲ್ಲಿಸುತ್ತಾರೆ. ಯಾವುದರ ಬಾಲದ ತುದಿ ಕಪ್ಪು ಎನ್ನುವುದು ಆಗ ತಟ್ಟನೆ ಕಣ್ಣಿಗೆ ಬೀಳುತ್ತದೆ.

ನಾವೆಲ್ಲ ಹುಲಿ, ಆನೆ ಅಂತ ಕುಣಿಯುತ್ತೇವೆ. ಆದರೆ ಸಸ್ತನಿ ಜಾತಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇಲಿ, ಅಳಿಲಿನಂಥ ದಂಶಕಗಳು ಮತ್ತು ಬಾವಲಿಗಳೇ. ಬಾವಲಿಯ ಮೂಗಿನ ಮೇಲಿನ ಎಲೆಯಾಕಾರದ ಚರ್ಮ, ಕಿವಿಯ ಆಕಾರ, ಹಲ್ಲಿನ ಸಾಲು ನೋಡಿಯೇ ಎಷ್ಟೋ ಜಾತಿಗಳನ್ನು ಬೇರೆ ಮಾಡಬೇಕು. ರಾತ್ರಿ ಹಾರುವಾಗ ತೆಗೆದ ಫೋಟೊದಲ್ಲಿ ಇದನ್ನೆಲ್ಲ ಹುಡುಕುವುದು ಕಷ್ಟ.

ಹಾಗಂತ ಚಿತ್ರವನ್ನು ಕಣ್ಣು ಮುಚ್ಚಿ ನಂಬಬೇಡಿ. 1515ರಲ್ಲಿ ಭಾರತದಿಂದ ಹಡಗಿನಲ್ಲಿ ಪೋರ್ಚುಗಲ್ಲಿನ ಲಿಸ್ಬನ್ನಿಗೆ ಒಂದು ಘೇಂಡಾಮೃಗ ಹೋಯಿತು. ಜರ್ಮನಿಯ ಚಿತ್ರಕಾರ ಆಲ್ಬ್ರೆಕ್ಟ್ ಡ್ಯೂರರ್ ಅದನ್ನು ನೋಡಲೇ ಇಲ್ಲ. ಯಾರೋ ಕಳಿಸಿದ ವಿವರ, ಒಂದು ಕರಡು ಚಿತ್ರ ಇಟ್ಟುಕೊಂಡು ಮರದಚ್ಚಿನಲ್ಲಿ ಮುದ್ರಿಸಿದ. ಮೈಗೆ ಯುದ್ಧಕ್ಕೆ ಹೊರಟವನ ಕವಚದಂಥ ತಗಡು, ಹೆಗಲ ಮೇಲೆ ಇಲ್ಲದ ಇನ್ನೊಂದು ಪುಟ್ಟ ಕೊಂಬು! ಚಿತ್ರ ಎಷ್ಟು ಚೆನ್ನಾಗಿತ್ತೆಂದರೆ ಯಾರಿಗೂ ಅನುಮಾನವೇ ಬರಲಿಲ್ಲ. ಸ್ವಿಟ್ಜರ್‌ಲ್ಯಾಂಡಿನ ವಿದ್ವಾಂಸ ಕೊನ್ರಾಡ್ ಗೆಸ್ನರ್ 1551ರಿಂದ ಹೊರತಂದ ಪ್ರಾಣಿಗಳ ದೊಡ್ಡ ಗ್ರಂಥದಲ್ಲೂ ಅದೇ ಬಂತು. ಪುಸ್ತಕದಿಂದ ಪುಸ್ತಕಕ್ಕೆ ನಕಲಾಗುತ್ತ ಇನ್ನೂರು ವರ್ಷ ಆ ಕೊಂಬು ಬದುಕಿತ್ತು. 1741ರಲ್ಲಿ ಕ್ಲಾರಾ ಎಂಬ ಹೆಣ್ಣು ಘೇಂಡಾಮೃಗ ಯುರೋಪಿಗೆ ಬಂತು, ಊರೂರು ಸುತ್ತಿತು. ಚಿತ್ರಕಾರರು ಕಣ್ಣಾರೆ ಕಂಡು ಬರೆಯತೊಡಗಿದ ಮೇಲೆ ಹಳೆಯ ಚಿತ್ರ ಹಿಂದೆ ಸರಿಯಿತು.

ಹಳೆಯ ಪುಸ್ತಕಗಳಲ್ಲಿ ಹೊಟ್ಟೆ ಉಬ್ಬಿ, ಕಾಲು ಸೆಟೆದು ನಿಂತ ಪ್ರಾಣಿಗಳನ್ನೂ ನೋಡಿರುತ್ತೀರಿ. ಅವು ಎಷ್ಟೋ ಸಲ ಹುಲ್ಲು ತುಂಬಿದ ಚರ್ಮ ನೋಡಿ ಬರೆದವು. ಪಾಪ, ಪ್ರಾಣಿಯದ್ದೇನೂ ತಪ್ಪಿಲ್ಲ.

ಈಗ ನಿಮ್ಮ ಪುಸ್ತಕದ ವಿಷಯ. ಚಿತ್ರಗಳನ್ನು ಏನು ನೋಡಿ ಬರೆದರು ಅಂತ ಮುನ್ನುಡಿಯಲ್ಲಿ ಇದೆಯೇ ನೋಡಿ. ಗಂಡು, ಹೆಣ್ಣು, ಮರಿ ಬೇರೆ ಬೇರೆ ಕಾಣುವ ಜಾತಿಗಳಿಗೆ ಮೂರೂ ಚಿತ್ರ ಇರಬೇಕು. ಹೆಜ್ಜೆಗುರುತು, ಹಿಕ್ಕೆಯ ಚಿತ್ರಗಳಿದ್ದರೆ ಇನ್ನೂ ಒಳ್ಳೆಯದು, ಯಾಕೆಂದರೆ ಕಾಡಿನಲ್ಲಿ ನಮಗೆ ಹೆಚ್ಚಾಗಿ ಸಿಗುವುದು ಅವೇ. ಹುಲಿಗೆ ಆರು ಪುಟ ಕೊಟ್ಟು, ಇಲಿಗಳನ್ನೆಲ್ಲ ಅರ್ಧ ಪುಟದಲ್ಲಿ ಸುಮ್ನೆ ಮುಗಿಸಿದ್ದರೆ ಮಾತ್ರ ವಾಪಸ್ ಕಳಿಸಿ.

ಸಂಪಾದಕ