ಫಾರ್ಮಸಿ ಕೌಂಟರಲ್ಲಿ ಅರೇಬಿಕ್, ಫಿಲಿಪಿನೋ, ಮಧ್ಯೆ ಮೊಬೈಲು

ನೋಡಮ್ಮ, ನೀನು ಕೇಳಿದ್ದು ಇಷ್ಟು: ಶಾರ್ಜಾದಲ್ಲಿ ಕ್ಲಿನಿಕ್ ಫಾರ್ಮಸಿಲಿ ಕೆಲಸ ಸಿಕ್ಕಿದೆ, ಜೊತೆಗಿರೋರೆಲ್ಲ ಫಿಲಿಪಿನೋ ಹುಡ್ಗೀರು, ಔಷಧಿಗೆ ಬರೋರು ಹೆಚ್ಚಾಗಿ ಅರಬ್ಬರು, ನಂಗೆ ಎರಡೂ ಭಾಷೆ ಬರಲ್ಲ, ಮೊಬೈಲಲ್ಲಿ ಟ್ರಾನ್ಸ್‌ಲೇಟ್ ಇದ್ಯಲ್ಲ ಅಕ್ಕ, ಅಷ್ಟು ಸಾಕಾ ಅಂತ. ನಾನು ಈ ಕಡೆ ಬಂದು 14 ವರ್ಷ ಆಯ್ತು, ಅದ್ರಲ್ಲಿ 11 ವರ್ಷ ಇಂಥದ್ದೇ ಕೌಂಟರ್ ಹಿಂದೆ ನಿಂತಿದೀನಿ. ದಾರಿ ಕೇಳೋಕೆ, ರೂಮ್ ಬಾಡಿಗೆ ಮಾತಾಡೋಕೆ ಮೊಬೈಲ್ ಸಾಕು. ಔಷಧಿ ಕೊಡೋಕೆ ಸಾಕಾಗಲ್ಲ.

ಯಾಕೆ ಅಂತ ಒಂದು ಘಟನೆ ಹೇಳ್ತೀನಿ. ಒಂದಿನ ಸಂಜೆ ರಶ್ ಟೈಮಲ್ಲಿ ಒಬ್ರು ಅರಬ್ ಹೆಂಗಸು ಅತ್ತೆಯ ಔಷಧಿ ತಗೊಳೋಕೆ ಬಂದಿದ್ರು, ಸೊಂಟದ ಮೇಲೆ ಮೂರು ವರ್ಷದ ಮಗ. ನನ್ನ ಜೊತೆ ಕೆಲಸ ಮಾಡೋ ಫಿಲಿಪಿನೋ ಹುಡುಗಿ ತನ್ನ ಭಾಷೇಲೇ ಟೈಪ್ ಮಾಡಿದ್ಳು, 'ಪೈನುಮಿನ್ ಸಿಯಾ ನಂಗ್ ಗಾಮೋತ್ ಪಗ್ಕತಾಪೋಸ್ ಕುಮಾಇನ್', ಅಂದ್ರೆ ಊಟ ಆದ್ಮೇಲೆ ಅವರಿಗೆ ಔಷಧಿ ಕುಡಿಸಿ ಅಂತ. ಮೊಬೈಲು ಅರೇಬಿಕ್ ಓದಿ ಹೇಳ್ತು. ಆ ಹೆಂಗಸು ಮಗನ ಮುಖ ನೋಡಿ, ಅವನ ತಲೆ ಮೇಲೆ ಕೈ ಇಟ್ಟು 'ಹಾದಾ?' ಅಂತ ಕೇಳಿದ್ರು. ಇವನಿಗಾ, ಅಂತ. ನಮ್ಮ ಹುಡುಗಿ ಪ್ರಶ್ನೆ ಅರ್ಥ ಆಗ್ದೆ ನಕ್ಕೊಂಡು ತಲೆ ಆಡಿಸ್ಬಿಟ್ಳು. ನಾನು ಪಕ್ಕದಲ್ಲಿ ಬಿಲ್ ಹಾಕ್ತಾ ಇದ್ದೋಳು ಕೇಳಿಸ್ಕೊಂಡು 'ಲಾ, ಲಾ!', ಅಂದ್ರೆ ಅಲ್ಲ ಅಲ್ಲ, ಅಂತ ಓಡಿ ಬಂದೆ. ಬಿಪಿ ಮಾತ್ರೆ ಕಣಮ್ಮ ಅದು. ಅವತ್ತು ರಾತ್ರಿ ನಂಗೆ ಸರಿಯಾಗಿ ನಿದ್ದೆ ಬರ್ಲಿಲ್ಲ.

ಫಿಲಿಪಿನೋದಲ್ಲಿ 'ಸಿಯಾ' ಅಂದ್ರೆ ಅವನೂ ಆಯ್ತು, ಅವಳೂ ಆಯ್ತು, ಅವರಲ್ಲಿ ಆ ಭೇದಾನೇ ಇಲ್ಲ. ಅರೇಬಿಕ್‌ನಲ್ಲಿ ಹಂಗಲ್ಲ, ಅವನು ಅವಳು ಬೇರೆ ಇರ್ಲಿ, ಎದುರಿಗಿರೋರಿಗೆ 'ನೀನು' ಅನ್ನೋದು ಕೂಡ ಗಂಡಸಿಗೆ 'ಅಂತ', ಹೆಂಗಸಿಗೆ 'ಅಂತಿ'. ನಾವು ಯಾರಿಗಾದ್ರೂ 'ಕುಡಿ' ಅಂದ್ರೆ ಆಯ್ತು, ಅವರು ಗಂಡಸಿಗೆ 'ಇಶ್ರಬ್', ಹೆಂಗಸಿಗೆ 'ಇಶ್ರಬಿ' ಅನ್ಬೇಕು. ಜೊತೆಗೆ ಎಷ್ಟೋ ಸಲ ಈ ಎರಡು ಭಾಷೆ ಮಧ್ಯೆ ಅನುವಾದ ನೇರ ಆಗಲ್ಲ, ಇಂಗ್ಲಿಷ್ ಮೂಲಕ ಹಾದು ಬರುತ್ತೆ, ಅಲ್ಲಿ 'ಸಿಯಾ' ಹೋಗಿ 'ಹೀ' ಆಗುತ್ತೆ, ಅರೇಬಿಕ್‌ಗೆ ಬರೋ ಹೊತ್ತಿಗೆ ಅಜ್ಜಿ ಔಷಧಿ ಗಂಡುಮಗೂದು ಆಗಿರುತ್ತೆ. ಅದಕ್ಕೇ ನಮ್ಮ ಕೌಂಟರಲ್ಲಿ ಈಗ ಸಿಯಾ ಬರಿಯೋದೇ ಬಿಟ್ಟಿದೀವಿ. ಅಜ್ಜಿ ಅಂದ್ರೆ 'ಲೋಲಾ' ಅಂತ, ಮಗು ಅಂದ್ರೆ 'ಬಾತಾ' ಅಂತ ಪ್ರತಿ ವಾಕ್ಯದಲ್ಲೂ ಹೆಸರಿಟ್ಟೇ ಬರೀತೀವಿ, ಬಂದ ಅರೇಬಿಕ್ಕನ್ನ ಮತ್ತೆ ವಾಪಸ್ ತಿರುಗಿಸಿ ನೋಡ್ತೀವಿ, ಆಮೇಲೇ ತೋರ್ಸೋದು. ಎಷ್ಟೇ ಕ್ಯೂ ಇರ್ಲಿ, ಇದನ್ನ ಬಿಡ್ಬೇಡ.

ಇನ್ನೊಂದು ಕಷ್ಟ ಎರಡೂ ಭಾಷೇಲಿ ಇದೆ, ಕನ್ನಡ ಓದೋ ನಮಗೆ ಮೊದಮೊದಲು ತಲೆಗೇ ಹೋಗಲ್ಲ. ನಾವು ಕಾಗುಣಿತದಲ್ಲಿ ಹೆಂಗೆ ಬರೀತೀವೋ ಹಂಗೇ ಓದ್ತೀವಿ. ಅರೇಬಿಕ್‌ನಲ್ಲಿ ಹ್ರಸ್ವ ಸ್ವರ, ಒತ್ತು ಎಲ್ಲಾ ಸಾಮಾನ್ಯವಾಗಿ ಬರಿಯೋದೇ ಇಲ್ಲ, ಓದೋರು ತಾವೇ ತುಂಬ್ಕೋಬೇಕು. ಶಾಲೆ ಅನ್ನೋ 'ಮದ್ರಸಾ', ಟೀಚರಮ್ಮ ಅನ್ನೋ 'ಮುದರ್ರಿಸಾ' ಎರಡಕ್ಕೂ ಅದೇ ಅಕ್ಷರಗಳು. ಬಾತ್‌ರೂಮಿಗೆ 'ಹಮ್ಮಾಮ್', ಪಾರಿವಾಳಕ್ಕೆ 'ಹಮಾಮ್', ಬರವಣಿಗೆ ಒಂದೇ. ಫಿಲಿಪಿನೋ ಇಂಗ್ಲಿಷ್ ಅಕ್ಷರದಲ್ಲೇ ಇದೆ ಸುಲಭ ಅಂದ್ಕೊಂಡಿದ್ದೆ, ಅಲ್ಲಿ ಒತ್ತಿ ಹೇಳೋ ಜಾಗ ಬದಲಾದ್ರೆ ಅರ್ಥಾನೇ ಬೇರೆ, ಬರವಣಿಗೇಲಿ ಅದು ಕಾಣಲ್ಲ. 'ಗಾಬಿ' ಅಂತ ಮೊದಲಕ್ಷರ ಎಳೆದ್ರೆ ಕೆಸುವಿನ ಗೆಡ್ಡೆ, 'ಗಬೀ' ಅಂದ್ರೆ ರಾತ್ರಿ. 'ಬೂಕಸ್' ಅಂದ್ರೆ ನಾಳೆ, 'ಬುಕಾಸ್' ಅಂದ್ರೆ ತೆರೆದಿದೆ. ನಾಳೆ ಬನ್ನಿ ಅಂತ ಹೇಳ್ಬೇಕಾದಾಗ ಬರೀ ಆ ಒಂದು ಪದ ಟೈಪ್ ಮಾಡಿದ್ರೆ ಮೊಬೈಲು ಯಾವುದನ್ನ ಹಿಡ್ಕೊಳ್ಳುತ್ತೋ ಗೊತ್ತಾಗಲ್ಲ, ಪೂರ್ತಿ ವಾಕ್ಯ ಬರೀಬೇಕು, ಜೊತೆಗೆ ತಾರೀಖು ಹಾಕ್ಬೇಕು.

ತಾರೀಖು ಅಂದ್ಮೇಲೆ ನೆನಪಾಯ್ತು, ಬರೋ ಮುಂಚೆನೇ ಅರೇಬಿಕ್ ಅಂಕಿ ಕಲಿ, ಒಂದು ಸಂಜೆ ಸಾಕು. ನಮ್ಮ ಸೊನ್ನೆ ತರ ದುಂಡಗಿರೋದು ಅವರಲ್ಲಿ ಐದು. ಬರೀ ಚುಕ್ಕಿ ಸೊನ್ನೆ. ಇಂಗ್ಲಿಷ್ ಏಳರ ತರ ಕಾಣೋದು ಆರು. ಕೈಯಲ್ಲಿ ಬರೆದ ಚೀಟಿ ಬಂದಾಗ ಇದು ಗೊತ್ತಿರಲೇಬೇಕು.

ವಾಟ್ಸಾಪ್‌ನಲ್ಲಿ ಬರೋ ಮೆಸೇಜ್ ಇನ್ನೂ ಬೇರೆ ತರ. ಎಷ್ಟೋ ಜನ ಅರೇಬಿಕ್ಕನ್ನ ಇಂಗ್ಲಿಷ್ ಅಕ್ಷರದಲ್ಲಿ ಬರೀತಾರೆ, ಇಂಗ್ಲಿಷಲ್ಲಿ ಇಲ್ಲದ ಧ್ವನಿಗೆ 7, 3 ಅಂತ ಅಂಕಿ ಹಾಕ್ತಾರೆ, ಹಬೀಬಿ ಅನ್ನೋದೇ 7ರಿಂದ ಶುರುವಾಗುತ್ತೆ. ಪುಸ್ತಕದ ಅರೇಬಿಕ್ ಬೇರೆ, ಮಾತಿಂದು ಬೇರೆ. ಚೆನ್ನಾಗಿದೆ ಅನ್ನೋಕೆ ಇಲ್ಲಿಯೋರು 'ಜೇನ್' ಅಂತಾರೆ, ಈಜಿಪ್ಟಿನೋರು 'ಕುವಯ್ಯಿಸ್' ಅಂತಾರೆ, ಇಬ್ರೂ ನಿನ್ನ ಕೌಂಟರಿಗೆ ಬರ್ತಾರೆ.

ಹೆದ್ರಿಸ್ತಾ ಇದೀನಿ ಅಂದ್ಕೋಬೇಡ, ನಮಗೆ ಅನುಕೂಲಾನೂ ಇದೆ. ಔಷಧಿಗೆ ಅರೇಬಿಕ್‌ನಲ್ಲಿ 'ದವಾ', ನಮ್ಮ ದವಾಖಾನೆ ನೆನಪಿಸ್ಕೋ. ವಕೀಲ, ಹಾಜರು, ತಾಲ್ಲೂಕು ಎಲ್ಲಾ ಅಲ್ಲಿಂದ್ಲೇ ನಮಗೆ ಬಂದಿದ್ದು. ಸಕ್ಕರೆಗೆ ಅವರು 'ಸುಕ್ಕರ್', ಸಕ್ಕರೆ ಕಾಯಿಲೆಗೆ 'ಸುಕ್ಕರಿ', ಫಿಲಿಪಿನೋದಲ್ಲಿ 'ಅಸೂಕಲ್'. ಸಂಸ್ಕೃತದ ಶರ್ಕರಾ ಪರ್ಷಿಯನ್, ಅರೇಬಿಕ್, ಸ್ಪ್ಯಾನಿಷ್ ಎಲ್ಲಾ ದಾಟಿ ಅವರ ದ್ವೀಪಕ್ಕೆ ಹೋಗಿದೆ. ಸಾಬೂನು ನೋಡು, ಅರೇಬಿಕ್‌ನಲ್ಲಿ 'ಸಾಬೂನ್', ಫಿಲಿಪಿನೋದಲ್ಲಿ 'ಸಬೋನ್'. ಆದ್ರೆ 'ಸಲಾಮತ್' ವಿಷಯದಲ್ಲಿ ಜೋಪಾನ. ಫಿಲಿಪಿನೋದಲ್ಲಿ ಅದು ಥ್ಯಾಂಕ್ಸ್. ಅರಬ್ಬರು ಹುಷಾರಿಲ್ಲದೋರನ್ನ ನೋಡಿ 'ಸಲಾಮಾತ್' ಅಂತಾರೆ, ಬೇಗ ಹುಷಾರಾಗಿ ಅಂತ. ನೆಗಡಿ ಆಗಿದ್ದ ನಮ್ಮ ಹುಡುಗಿಗೆ ಒಬ್ರು ಅಜ್ಜ ಹಂಗಂದಾಗ ಅವಳು, ನಂಗ್ಯಾಕೆ ಥ್ಯಾಂಕ್ಸ್ ಹೇಳಿದ್ರು, ಇನ್ನೂ ಔಷಧಿನೇ ಕೊಟ್ಟಿಲ್ವಲ್ಲ ಅಂತ ನನ್ನ ಕೇಳಿದ್ಳು. ಅರ್ಥ ಹೇಳಿದ್ಮೇಲೆ ಹೊರಗೆ ಹೋಗಿ ಅಜ್ಜನಿಗೆ ಬಾಗಿಲು ತೆಗೆದುಕೊಟ್ಟು ಬಂದ್ಳು.

ಜೊತೆ ಹುಡ್ಗೀರ ಬಗ್ಗೆ ಕೇಳಿದ್ಯಲ್ಲ. ನಿನಗಿಂತ ದೊಡ್ಡೋಳಾದ್ರೆ 'ಆತೆ' ಅನ್ನು, ಅಂದ್ರೆ ಅಕ್ಕ. ಗಂಡಸಾದ್ರೆ 'ಕೂಯಾ', ಅಣ್ಣ. ದೊಡ್ಡೋರ ಜೊತೆ ಮಾತಾಡುವಾಗ 'ಪೋ' ಸೇರ್ಸು, ನಮ್ಮ 'ರೀ' ಇದ್ದಂಗೆ, ಟ್ರಾನ್ಸ್‌ಲೇಟಲ್ಲಿ ಅದು ಸಾಮಾನ್ಯವಾಗಿ ಮಾಯ ಆಗಿಬಿಡುತ್ತೆ. ಇನ್ನೊಂದು, ಅವರಲ್ಲಿ 'ನಾವು' ಅನ್ನೋಕೆ ಎರಡು ಪದ. 'ಕಮಿ' ಅಂದ್ರೆ ನಾವಷ್ಟೇ, ನೀನಿಲ್ಲ. 'ತಾಯೋ' ಅಂದ್ರೆ ನಿನ್ನೂ ಸೇರಿಸಿ. ಶುರುವಿನ ತಿಂಗಳು ಮಧ್ಯಾಹ್ನ ಡಬ್ಬಿ ತೆಗೆದಾಗೆಲ್ಲ ಅವರು ನನ್ನ ಕಡೆ ನೋಡಿ 'ಕಾಇನ್ ತಾಯೋ' ಅಂತಿದ್ರು, ಮೊಬೈಲು 'ವಿ ಈಟ್' ಅಂತ ತೋರ್ಸ್ತು, ಸರಿ ಅವರು ಊಟ ಮಾಡ್ತಾರಂತೆ ಅಂತ ನಾನು ಸ್ಟೋರ್ ರೂಮಲ್ಲಿ ಒಬ್ಳೇ ಕೂತು ಚಿತ್ರಾನ್ನ ತಿಂತಿದ್ದೆ. ಅವರು ದಿನಾ ನನ್ನ ಕರೀತಾ ಇದ್ರು ಕಣೇ, ಬಾ ಊಟ ಮಾಡೋಣ ಅಂತ.

ಕಾಂಟ್ರಾಕ್ಟ್ ಬಗ್ಗೆ ಒಂದೇ ಮಾತು. ಅರೇಬಿಕ್ ಮತ್ತೆ ಇಂಗ್ಲಿಷ್ ಪ್ರತಿಲಿ ವ್ಯತ್ಯಾಸ ಬಂದ್ರೆ ಇಲ್ಲಿ ನಡಿಯೋದು ಅರೇಬಿಕ್‌ದೇ. ಅದನ್ನ ಮೊಬೈಲಲ್ಲಿ ಓದಿಸಿ ಸೈನ್ ಹಾಕ್ಬೇಡ, ಭಾಷೆ ಗೊತ್ತಿರೋರ ಹತ್ರ ಓದಿಸು.

ನನ್ನ ಹತ್ರ ಒಂದು ಪಾಕೆಟ್ ನೋಟ್‌ಬುಕ್ ಇದೆ, ಊಟಕ್ಕೆ ಮುಂಚೆ, ಊಟ ಆದ್ಮೇಲೆ, ದಿನಕ್ಕೆ ಎಷ್ಟು ಸಲ, ಅಲರ್ಜಿ ಇದ್ಯಾ, ಬಸುರಿನಾ, ಯಾರಿಗೆ ಔಷಧಿ, ಇಷ್ಟನ್ನೂ ಎರಡೂ ಭಾಷೇಲಿ ಕನ್ನಡ ಅಕ್ಷರದಲ್ಲೇ ಬರ್ಕೊಂಡಿದೀನಿ, ಅರೇಬಿಕ್ ಭಾಗಾನ ನಮ್ಮಲ್ಲಿರೋ ಒಬ್ರು ಸಿರಿಯಾದ ಡಾಕ್ಟರಮ್ಮ ಕೂತು ತಿದ್ದಿಕೊಟ್ಟಿದ್ದು. ಟಿಕೆಟ್ ಆದ ತಕ್ಷಣ ತಿಳಿಸು, ಪೇಜುಗಳ ಫೋಟೋ ತೆಗೆದು ಕಳಿಸ್ತೀನಿ, ವಿಮಾನ ಹತ್ತೋ ಮುಂಚೆ 'ಲಿಮನ್ ಅದ್ದವಾ?' ಅನ್ನೋದೊಂದು ಬಾಯಿಗೆ ಬಂದಿರ್ಲಿ, ಈ ಔಷಧಿ ಯಾರಿಗೆ ಅಂತ.