ಮುಖಕ್ಕೆ ಮೊಬೈಲ್ ಹಿಡಿದು ಕೆಣಕಿದರೆ

ಹೆಲ್ಮೆಟ್ ತಪಾಸಣೆಯಲ್ಲಿ ಮೊಬೈಲ್ ಹಿಡಿದು ಬೈದ ಆ ಸವಾರ, ಡ್ಯೂಟಿಲಿದ್ದ ಪೊಲೀಸರಾದ ನಿಮ್ಮ ಕೈ ಏಳೋದನ್ನೇ ಕಾಯ್ತಿದ್ದ. ಆ ನಾಲ್ಕು ಸೆಕೆಂಡೇ ಅವನಿಗೆ ಬೇಕಾದ ವಿಡಿಯೊ. ಜಯದೇವ ಸರ್ಕಲ್‌ನಲ್ಲಿ ಅವನ ಫೋನ್ ಕಿತ್ಕೋಬಹುದಿತ್ತಾ ಅಂದಿರಿ. ಬೇಡ. ರಸ್ತೆಯಲ್ಲಿ ಪೊಲೀಸರ ವಿಡಿಯೊ ಮಾಡಿದ್ದಷ್ಟೇ ಅಪರಾಧ ಆಗಲ್ಲ. ಬಿಸಿಲಲ್ಲಿ ನಿಂತವನಿಗೆ ತಾಯಿ ಹೆಸರಲ್ಲಿ ಬೈದರೆ ರಕ್ತ ಕುದಿಯುತ್ತೆ, ನಿಜ. ಆದರೂ ಖಾಕಿ ತೊಟ್ಟ ನಾವೇ ತಡ್ಕೋಬೇಕು. ಮುಂದಿನ ಸಲ ಮೊದಲು ಒಂದು ಹೆಜ್ಜೆ ಹಿಂದೆ ಸರಿಯಿರಿ, ಲಾಠಿ ಕಂಕುಳಲ್ಲೇ ಇರಲಿ, ‘ಹೆಲ್ಮೆಟ್ ಇಲ್ಲ, ದಂಡ ಕಟ್ಟಿ ಸರ್’ ಅಂತ ಅದನ್ನೇ ಹೇಳ್ತಿರಿ. ಬಾಡಿ ಕ್ಯಾಮೆರಾ ಆನ್ ಇರಲಿ.

ಬರೀ ಬೈಗುಳಕ್ಕೆ ಭಾರತೀಯ ನ್ಯಾಯ ಸಂಹಿತೆಯ (ಬಿಎನ್‌ಎಸ್) ಕಲಂ 132, ಅಂದರೆ ಸರ್ಕಾರಿ ನೌಕರನ ಕೆಲಸ ತಡೆಯೋಕೆ ಹಲ್ಲೆ ಮಾಡಿದ ಕೇಸು, ನಿಲ್ಲಲ್ಲ, ಹಲ್ಲೆನೋ ಬಲಪ್ರಯೋಗನೋ ಆಗಿರಬೇಕು. ಬೇಕಂತಲೇ ತಪಾಸಣೆಗೆ ಅಡ್ಡಿ ಮಾಡಿದ್ದರೆ ಕಲಂ 221 ಬರಬಹುದು. ಅದನ್ನು ವಿಡಿಯೊ ನೋಡಿಯೇ ಹೇಳಬೇಕು. ಇವತ್ತೇ ಪಿಎಸ್‌ಐಗೆ ತಿಳಿಸಿ, ಸಮಯ, ಗಾಡಿ ನಂಬರ್, ಅವನಾಡಿದ ಮಾತು ಇದ್ದಂಗೇ ಸ್ಟೇಷನ್ ಡೈರಿಗೆ ಬರೆಸಿ, ನಿಮ್ಮ ರೆಕಾರ್ಡಿಂಗ್ ಅಳಿಸದೆ ಅವರಿಗೆ ಒಪ್ಪಿಸಿ.