ಫೋಟೋಗೆ ವಾಟರ್‌ಕಲರ್ ಫಿಲ್ಟರ್ ಹಾಕಿದರೆ ಮುಖ ಮೇಣದ ಗೊಂಬೆ ಥರ ಆಗುತ್ತೆ, ಏನು ಮಾಡಲಿ?

ಅಜ್ಜಿಯ ಫೋಟೋಗೆ ಫಿಲ್ಟರ್ ಹಾಕಿದಿರಿ, ಬಣ್ಣ ಮಸಿ ಹಿಡಿದ ಹಾಗೆ ಆಯಿತು, ಮುಖ ಮೇಣದಂತೆ ಕಂಡಿತು ಅಂತ ಬರೆದಿದ್ದೀರಿ. ಜಿಂಪ್ ಅನ್ನುವ ಉಚಿತ ಫೋಟೋ ತಿದ್ದುವ ತಂತ್ರಾಂಶದಲ್ಲೇ ನಿಜವಾದ ಜಲವರ್ಣದ ಕಳೆ ಬರುವ ಹಾಗೆ ಮಾಡಬಹುದಾ ಅನ್ನೋದು ನಿಮ್ಮ ಪ್ರಶ್ನೆ. ಮಾಡಬಹುದು. ನಾನು ಹಲವು ವರ್ಷಗಳಿಂದ ಮನೆಯವರ ಫೋಟೋಗಳನ್ನು ಹೀಗೆ ಮಾಡುತ್ತಾ ಬಂದಿದ್ದೇನೆ. ಆದರೆ ಒಂದೇ ಫಿಲ್ಟರ್‌ನಿಂದ ಅದು ಆಗೋದಿಲ್ಲ.

ಕಾರಣ ಇದು. ಜಲವರ್ಣದಲ್ಲಿ ಸಾಮಾನ್ಯವಾಗಿ ಬಿಳಿ ಬಣ್ಣ ಬಳಿಯುವುದಿಲ್ಲ. ಚಿತ್ರದಲ್ಲಿ ಕಾಣುವ ಬಿಳಿ ಅಂದರೆ ಮುಟ್ಟದೆ ಬಿಟ್ಟ ಕಾಗದ. ಕಲಾವಿದರು ಕುಂಚ ಅದ್ದುವ ಮೊದಲೇ ಎಲ್ಲಿ ಬಿಡಬೇಕು ಅಂತ ಯೋಚಿಸಿರುತ್ತಾರೆ. ಫಿಲ್ಟರ್‌ಗೆ ಆ ಯೋಚನೆ ಇಲ್ಲ. ಅದು ಮೂಲೆಯಿಂದ ಮೂಲೆಗೆ ಎಲ್ಲವನ್ನೂ ತುಂಬುತ್ತದೆ. ಹಿಂದಿನ ಗೋಡೆಗೂ ಅಜ್ಜಿಯ ಕಣ್ಣಿಗೂ ಒಂದೇ ಉಪಚಾರ! ಹಾಗಾಗಿ ಏನು ಬಿಡಬೇಕು ಅನ್ನೋದನ್ನು ನೀವೇ ತೀರ್ಮಾನಿಸಬೇಕು.

ಮೊದಲು ಫೋಟೋವನ್ನು ಉದ್ದದ ಕಡೆ 3000 ಪಿಕ್ಸೆಲ್‌ಗೆ ಇಳಿಸಿ. ಈ ಅಳತೆಯಲ್ಲಿ 10 ಇಂಚಿಗೆ 300 ಡಿಪಿಐ (ಇಂಚಿಗೆ ಇಷ್ಟು ಚುಕ್ಕೆ ಅನ್ನುವ ಲೆಕ್ಕ) ಸಿಗುತ್ತದೆ, ಪ್ರಿಂಟ್‌ಗೆ ಸಾಕು. ಆಮೇಲೆ ಬೆಳಕು-ನೆರಳು ತಿದ್ದುವ ಕರ್ವ್ಸ್ ತೆರೆದು ಎಡ ತುದಿಯ ಬಿಂದುವನ್ನು ಸ್ವಲ್ಪ ಮೇಲಕ್ಕೆ ಎತ್ತಿ. ನೆರಳಿನ ಕಡುಕಪ್ಪು ತೆಳುವಾಗುತ್ತದೆ. ನಿಮ್ಮ ಚಿತ್ರ ಮಸಿಯಂತೆ ಕಂಡದ್ದಕ್ಕೆ ಬಹುಪಾಲು ಮದ್ದು ಇಷ್ಟೇ.

ಈಗ ಲೇಯರ್ (ಒಂದರ ಮೇಲೊಂದು ಇಡುವ ಚಿತ್ರದ ಪದರ) ನಕಲು ಮಾಡಿ ಮೀಡಿಯನ್ ಬ್ಲರ್ ಹಾಕಿ. ಗಾಸಿಯನ್ ಬ್ಲರ್ ಬೇಡ, ಅದು ಅಂಚನ್ನೂ ಮಸುಕು ಮಾಡುತ್ತದೆ. ಮೀಡಿಯನ್ ಸುತ್ತಲಿನ ಪಿಕ್ಸೆಲ್‌ಗಳಲ್ಲಿ ನಡುವಿನ ಬೆಲೆಯನ್ನು ಆರಿಸುತ್ತದೆ. ಅದಕ್ಕೇ ಚಿಕ್ಕಪುಟ್ಟ ವಿವರ ಹೋದರೂ ದೊಡ್ಡ ಅಂಚು ಉಳಿಯುತ್ತದೆ. ಕುವಾಹಾರಾ ಅನ್ನುವ ಫಿಲ್ಟರ್ ನಿಮ್ಮ ಹತ್ತಿರ ಇದ್ದರೆ ಇನ್ನೂ ಚೆನ್ನ. 1976ರಲ್ಲಿ ಹೃದಯದ ವೈದ್ಯಕೀಯ ಚಿತ್ರಗಳನ್ನು ತಿಳಿಯಾಗಿಸಲು ಬಂದ ವಿಧಾನ ಅದು. ಪ್ರತಿ ಪಿಕ್ಸೆಲ್‌ನ ಸುತ್ತ ನಾಲ್ಕು ಚೌಕ ನೋಡಿ, ಯಾವುದರಲ್ಲಿ ಏರುಪೇರು ಕಡಿಮೆಯೋ ಅದರ ಸರಾಸರಿ ಬಣ್ಣ ತೆಗೆದುಕೊಳ್ಳುತ್ತದೆ. ಅದರಿಂದಲೇ ಕುಂಚದಲ್ಲಿ ಎಳೆದ ಹಾಗೆ ಕಾಣುತ್ತದೆ.

ಮೇಣದ ಮುಖದ ಸಮಸ್ಯೆ ಬರೋದು ಇಲ್ಲೇ. ಬಟ್ಟೆ, ಹಿನ್ನೆಲೆಗೆ ಬ್ಲರ್‌ನ ರೇಡಿಯಸ್ (ಸುತ್ತ ಎಷ್ಟು ಪಿಕ್ಸೆಲ್ ದೂರ ನೋಡಬೇಕು ಅನ್ನೋದು) 10 ಇದ್ದರೆ ಚೆಂದ. ಅದೇ 10 ಮುಖಕ್ಕೆ ಹಾಕಿದರೆ ರೆಪ್ಪೆ, ಸುಕ್ಕು, ತುಟಿಯ ಗೆರೆ ಎಲ್ಲ ಅಳಿಸಿಹೋಗುತ್ತವೆ. ಹಾಗಾಗಿ ಎರಡು ಲೇಯರ್ ಮಾಡಿ, ಒಂದಕ್ಕೆ 10, ಇನ್ನೊಂದಕ್ಕೆ 3. ಮೂರರದ್ದನ್ನು ಮೇಲಿಟ್ಟು, ಮಾಸ್ಕ್ (ಲೇಯರ್‌ನ ಯಾವ ಭಾಗ ಕಾಣಬೇಕು ಅಂತ ಹೇಳುವ ಮುಸುಕು) ಹಾಕಿ, ಮುಖ ಮತ್ತು ಕೈಗಳಲ್ಲಿ ಮಾತ್ರ ಕಾಣಿಸಿ. ಅಜ್ಜಿಯ ಸುಕ್ಕು ಹೋದರೆ ಅಜ್ಜಿಯೇ ಹೋದ ಹಾಗೆ, ಅಲ್ವಾ?

ಮುಂದಿನದು ಅಂಚು. ಮೇಜಿನ ಮೇಲೆ ಒಣಗಿದ ಕಾಫಿ ಹನಿ ನೋಡಿ. ನಡುವೆ ತಿಳಿ, ಸುತ್ತ ಕಡು ಗೆರೆ. ಅಂಚಿನಲ್ಲಿ ನೀರು ಬೇಗ ಆರುತ್ತದೆ, ಅದನ್ನು ತುಂಬಲು ಒಳಗಿನ ನೀರು ಹರಿದು ಬರುವಾಗ ಬಣ್ಣದ ಕಣಗಳನ್ನೂ ಹೊತ್ತು ತರುತ್ತದೆ. ಜಲವರ್ಣದಲ್ಲೂ ಇದೇ ಆಗುವುದು. ಕಂಪ್ಯೂಟರ್‌ನಲ್ಲಿ ಇದಕ್ಕೆ, ಈ ಎರಡೂ ಲೇಯರ್ ಸೇರಿ ಕಾಣುವ ಚಿತ್ರದ ಒಂದು ನಕಲಿಗೆ ಅಂಚು ಹುಡುಕುವ ಎಡ್ಜ್ ಡಿಟೆಕ್ಟ್ ಫಿಲ್ಟರ್ ಹಾಕಿ, ಬಣ್ಣ ತೆಗೆದು, ಇನ್ವರ್ಟ್ ಮಾಡಿ, ಅಂದರೆ ಕಪ್ಪನ್ನು ಬಿಳಿ, ಬಿಳಿಯನ್ನು ಕಪ್ಪು ಮಾಡಿ. ಆ ಲೇಯರ್‌ನ ಮೋಡ್ (ಕೆಳಗಿನದರ ಜೊತೆ ಬೆರೆಯುವ ಬಗೆ) ಮಲ್ಟಿಪ್ಲೈ, ಒಪ್ಯಾಸಿಟಿ (ಎಷ್ಟು ದಟ್ಟವಾಗಿ ಕಾಣಬೇಕು ಅನ್ನೋದು) ಶೇಕಡಾ 25ರಷ್ಟು. ಜಾಸ್ತಿ ಆದರೆ ಕಾರ್ಟೂನ್ ಆಗುತ್ತದೆ. ಬೂದು ಗೆರೆ ಮಲ್ಟಿಪ್ಲೈ ಆದಾಗ ಕೆಳಗಿನ ಬಣ್ಣವೇ ಗಾಢವಾಗುತ್ತದೆ. ಕೆಂಪಿನ ಅಂಚು ಕಡುಕೆಂಪು, ನೀಲಿಯ ಅಂಚು ಕಡುನೀಲಿ.

ಇನ್ನು ನನಗೆ ತುಂಬಾ ಇಷ್ಟದ ಭಾಗ. ಇಲ್ಲಿಯವರೆಗಿನ ಲೇಯರ್‌ಗಳನ್ನು ಒಂದು ಗ್ರೂಪ್‌ಗೆ ಹಾಕಿ, ಕೆಳಗೆ ಬಿಳಿ ಲೇಯರ್ ಇಡಿ. ಈಗ ಒಂದು ನಿಜವಾದ ಹಾಳೆ ತೆಗೆದುಕೊಳ್ಳಿ. ಅದನ್ನು ಅಲ್ಲಲ್ಲಿ ಒದ್ದೆ ಮಾಡಿ, ಅಗಲ ಕುಂಚದಿಂದ ಕಪ್ಪು ಬಣ್ಣ ಬಳಿಯಿರಿ. ಅಂಚುಗಳು ಸುಮ್ನೆ ಹರಿಯಲಿ, ಕೆಲವು ಕಡೆ ಕುಂಚ ಒಣಗಿ ತರಿತರಿ ಆಗಲಿ. ಆರಿದ ಮೇಲೆ ಫೋಟೋ ತೆಗೆದು, ಕಪ್ಪುಬಿಳುಪು ಮಾಡಿ, ಇನ್ವರ್ಟ್ ಮಾಡಿ, ಗ್ರೂಪ್‌ನ ಮಾಸ್ಕ್‌ಗೆ ಪೇಸ್ಟ್ ಮಾಡಿ. ಮಾಸ್ಕ್‌ನಲ್ಲಿ ಬಿಳಿ ಇದ್ದಲ್ಲಿ ಚಿತ್ರ ಕಾಣುತ್ತದೆ, ಕಪ್ಪಿದ್ದಲ್ಲಿ ಮರೆಯಾಗುತ್ತದೆ. ಅದಕ್ಕೇ ಇನ್ವರ್ಟ್ ಬೇಕು. ಅಜ್ಜಿಯ ಹೆಗಲು ಹಾಳೆಯೊಳಗೆ ಕರಗುವುದನ್ನು ನೋಡಿದಾಗ ಆಗುವ ಖುಷಿ ಬೇರೆಯೇ. ನಾನು ಇಂಥ ಹತ್ತಾರು ಹಾಳೆ ಮಾಡಿಟ್ಟುಕೊಂಡಿದ್ದೇನೆ. ಎಲ್ಲಾದರೂ ಬೇಡದ್ದು ಕಂಡರೆ ಮಾಸ್ಕ್ ಮೇಲೆ ಕೈಯಿಂದಲೇ ತಿದ್ದಿ.

ಕಾಗದದ ತರಿ ಕೊನೆಗೆ. ಒರಟು ಹಾಳೆಯನ್ನು ಕಿಟಕಿಯ ಪಕ್ಕ, ಬೆಳಕು ಬದಿಯಿಂದ ಬೀಳುವ ಹಾಗೆ ಇಟ್ಟು ಫೋಟೋ ತೆಗೆಯಿರಿ. ಬಣ್ಣ ತೆಗೆದು, ಲೆವೆಲ್ಸ್‌ನಲ್ಲಿ ಬಿಳುಪಾಗಿಸಿ, ಎಲ್ಲಕ್ಕಿಂತ ಮೇಲೆ ಮಲ್ಟಿಪ್ಲೈನಲ್ಲಿ ಇಡಿ. ಗ್ರೂಪ್ ಒಳಗೆ ಇಡಬೇಡಿ. ಬಣ್ಣ ಇಲ್ಲದ ಜಾಗದಲ್ಲೂ ತರಿ ಕಾಣಬೇಕು, ಅದು ಕಾಗದ ತಾನೇ.

ಕಣ್ಣನ್ನು ಮಾತ್ರ ಕೊನೆಗೊಮ್ಮೆ ಜೂಮ್ ಮಾಡಿ ನೋಡಿ. ಪಾಪೆಯೊಳಗಿನ ಹೊಳಪಿನ ಚುಕ್ಕೆಯನ್ನು ಮೀಡಿಯನ್ ನುಂಗಿರುತ್ತದೆ. ಗ್ರೂಪ್‌ನ ಮಾಸ್ಕ್‌ನಲ್ಲಿ ಚಿಕ್ಕ ಕುಂಚದಿಂದ ಅಲ್ಲಿ ಒಂದು ಕಪ್ಪು ಚುಕ್ಕೆ ಇಡಿ, ಕಾಗದದ ಬಿಳಿ ಹೊರಬರುತ್ತದೆ. ಫೈಲನ್ನು ಎಕ್ಸ್‌ಸಿಎಫ್ (ಲೇಯರ್‌ಗಳನ್ನು ಹಾಗೇ ಇಟ್ಟುಕೊಳ್ಳುವ ಜಿಂಪ್‌ನದೇ ಫೈಲ್ ಬಗೆ) ಆಗಿಯೂ ಉಳಿಸಿ. ಎರಡು ದಿನ ಬಿಟ್ಟು ನೋಡಿದಾಗ ಇನ್ನೂ ಸ್ವಲ್ಪ ಬಿಳಿ ಬಿಡಬೇಕಿತ್ತು ಅಂತ ನನಗೆ ಪ್ರತಿ ಸಲವೂ ಅನಿಸಿದೆ.